ಆಟದ ಕಂಪನಿ ಬಾಗಿಲು ಮುಚ್ಚಿದಾಗ ನೌಕರನಿಗೆ ಉಳಿಯುವುದೇನು?

1949ನೆಯ ಇಸವಿಯ ಜುಲೈ 27ರಂದು ಸೊಲ್ಲಾಪುರದ ಜುನಿ ಗಿರಣಿಯ ಕಾರ್ಮಿಕರಿಗೆ ಒಂದು ನೋಟೀಸು ಬಂದಿತು. ಗಿರಣಿಯನ್ನು ಮುಚ್ಚಲಾಗುವುದು ಎಂಬುದು ಅದರ ಸಾರ. ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 27ರಂದು, ಶೋಲಾಪುರ ಸ್ಪಿನ್ನಿಂಗ್ ಆ್ಯಂಡ್ ವೀವಿಂಗ್ ಕಂಪನಿಯ ಯಂತ್ರಗಳು ನಿಂತವು. 1877ರಿಂದ ನೂಲು ತೆಗೆಯುತ್ತಿದ್ದ ಗಿರಣಿ ಅದು. ಅದರ ಭೋಂಗಾದ ಸದ್ದು ಕೇಳಿ ಒಲೆ ಹೊತ್ತಿಸುತ್ತಿದ್ದ ಮನೆಗಳಲ್ಲಿ ಆ ದಿನದಿಂದ ಹೊತ್ತು ಗೊತ್ತಾಗುವುದೇ ಕಷ್ಟವಾಯಿತು.

ಎಪ್ಪತ್ತಾರು ವರ್ಷಗಳ ಬಳಿಕ, 2025ರ ಆಗಸ್ಟ್ ತಿಂಗಳ ಕೊನೆಯಲ್ಲಿ, ಇಂಥದೇ ಇನ್ನೊಂದು ಸುದ್ದಿ ಬೆಂಗಳೂರಿನಿಂದ ಹೊರಟಿತು. ಈ ಸಲ ಗೋಡೆಗೆ ಅಂಟಿಸಿದ ನೋಟೀಸು ಇರಲಿಲ್ಲ, ಇ-ಮೇಲ್ ಇತ್ತು. ಮೊಬೈಲ್ ಪ್ರೀಮಿಯರ್ ಲೀಗ್, ಅಂದರೆ ಎಂ.ಪಿ.ಎಲ್. ಎಂಬ ಆಟದ ಕಂಪನಿಯು ಭಾರತದಲ್ಲಿದ್ದ ತನ್ನ ಸಿಬ್ಬಂದಿಯಲ್ಲಿ ಶೇಕಡಾ 60ರಷ್ಟು, ಸುಮಾರು 300 ಜನರನ್ನು, ಕೆಲಸದಿಂದ ಬಿಡಿಸುವುದೆಂದು ಪ್ರಕಟವಾಯಿತು. ಇದೇ ಕಂಪನಿ 2020ರ ಕೊನೆಯಿಂದ ಎರಡು ವರ್ಷ ಭಾರತ ಕ್ರಿಕೆಟ್ ತಂಡದ ಉಡುಪಿನ ಪ್ರಾಯೋಜಕತ್ವ ವಹಿಸಿತ್ತು. ಟಿ.ವಿ. ನೋಡುವ ಮನೆಗಳಿಗೆಲ್ಲ ಪರಿಚಿತವಾದ ಹೆಸರು ಅದು.

ಸೊಲ್ಲಾಪುರ, ಅಕ್ಕಲಕೋಟ, ದುಧನಿ, ಮೈಂದರಗಿಗಳ ಕನ್ನಡ ಶಾಲೆಗಳಲ್ಲಿ ಓದುವ ಮಕ್ಕಳ ಪಾಲಕರಿಗೆ ಇದು ದೂರದ ಸುದ್ದಿಯೆಂದು ತೋರಬಹುದು. ಆದರೆ ಆಟ ಆಡುವುದೂ, ಆಟದ ಬಗ್ಗೆ ಮಾತಾಡುವುದೂ ಒಂದು ನೌಕರಿ ಎಂಬ ಮಾತು ಈಗ ಮಕ್ಕಳ ಬಾಯಿಂದ ಮನೆಯೊಳಕ್ಕೆ ಬಂದಿದೆ. ‘ಹುಚ್ಚು ಮಾತು’ ಎಂದು ಗದರಿಸಿದರೆ ಸುಳ್ಳು ಹೇಳಿದಂತಾಗುತ್ತದೆ, ಏಕೆಂದರೆ ಅಂಥ ನೌಕರಿಗಳು ನಿಜವಾಗಿಯೂ ಇವೆ. ‘ಆಗಲಿ’ ಎಂದು ಸುಮ್ಮನೆ ತಲೆಯಾಡಿಸಿದರೂ ಅರ್ಧ ಸತ್ಯವನ್ನೇ ಹೇಳಿದಂತೆ. ಆ ನೌಕರಿ ಯಾವ ನೆಲದ ಮೇಲೆ ನಿಂತಿದೆ ಎಂಬುದನ್ನು ಮೊದಲು ಅರಿಯಬೇಕು.

ಆಟದ ಹಿಂದಿರುವ ಕೈಗಳು

ಇ-ಸ್ಪೋರ್ಟ್ಸ್ ಎಂದರೆ ಕಂಪ್ಯೂಟರಿನಲ್ಲಿ ಅಥವಾ ಮೊಬೈಲಿನಲ್ಲಿ ನಿಯಮಬದ್ಧವಾಗಿ ನಡೆಯುವ ಸ್ಪರ್ಧೆ. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಅದು ಪ್ರದರ್ಶನ ಸ್ಪರ್ಧೆಯಾಗಿತ್ತು. ಭಾರತದ ತೀರ್ಥ ಮೆಹತಾ ಅಲ್ಲಿ ಕಂಚು ಗೆದ್ದರು. 2023ರಲ್ಲಿ ಚೀನದ ಹಾಂಗ್‌ಝೌನಲ್ಲಿ ನಡೆದ ಕೂಟದಲ್ಲಿ ಅದಕ್ಕೆ ಅಧಿಕೃತ ಪದಕಗಳೇ ದೊರೆತವು. ಅದಕ್ಕೂ ಮುಂಚೆ, 2022ರ ಡಿಸೆಂಬರಿನಲ್ಲಿ, ಕೇಂದ್ರ ಸರ್ಕಾರ ಈ ಸ್ಪರ್ಧೆಗಳನ್ನು ಯುವಜನ ಹಾಗೂ ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತ್ತು.

ಆಡುವವರು ಕೆಲವರೇ. ಅವರ ಹಿಂದೆ ದುಡಿಯುವವರು ಹಲವರು. ಪಂದ್ಯದ ವಿವರಣೆ ನೀಡುವವರು, ದೃಶ್ಯ ಸಂಕಲನ ಮಾಡುವವರು, ಸುದ್ದಿ ಬರೆಯುವವರು, ಚಿತ್ರ ವಿನ್ಯಾಸಕಾರರು, ತಂತ್ರಾಂಶ ಬರೆಯುವವರು, ಪಂದ್ಯಾವಳಿ ಏರ್ಪಡಿಸುವವರು, ಲೆಕ್ಕ ಇಡುವವರು. ಆಟದ ಸುದ್ದಿಯನ್ನೇ ಬರೆದು ತೋರಿಸುವ ಮಾಧ್ಯಮ ಸಂಸ್ಥೆಗಳೂ ಹುಟ್ಟಿಕೊಂಡವು. ಕಂಪನಿ ಕುಸಿದಾಗ ಮೊದಲು ಬೀದಿಗೆ ಬೀಳುವವರು ಈ ಕೈಗಳೇ.

ಇಂಥ ಸಂಸ್ಥೆಗಳ ಆದಾಯ ಬರುವುದೆಲ್ಲಿಂದ? ಚಾದರ ಕೊಂಡವನು ಚಾದರಕ್ಕೆ ಹಣ ಕೊಡುತ್ತಾನೆ. ಆಟದ ಸುದ್ದಿ ಓದಿದವನು, ಪಂದ್ಯ ನೋಡಿದವನು ಸಾಮಾನ್ಯವಾಗಿ ಏನನ್ನೂ ಕೊಡುವುದಿಲ್ಲ. ಹಣ ಕೊಡುವವರು ಬೇರೆ: ಜಾಹೀರಾತುದಾರರು, ಆಟವನ್ನು ತಯಾರಿಸಿದ ಕಂಪನಿ, ಮುಂದೆ ಲಾಭ ಬಂದೀತೆಂದು ಬಂಡವಾಳ ಹೂಡಿದವರು. ಭಾರತದಲ್ಲಿ ಇವರ ಜೊತೆಗೆ ಇನ್ನೊಂದು ಬಲವಾದ ಕೈಯೂ ಇತ್ತು. ಹಣ ಕಟ್ಟಿ ಆಡುವ ಆಟಗಳ ಕಂಪನಿಗಳದು. ನೋಡುಗರ ಸಂಖ್ಯೆ ಲಕ್ಷಗಟ್ಟಲೆ ಏರಿದರೂ ಈ ಕೈಗಳಲ್ಲಿ ಒಂದು ಹಿಂದೆ ಸರಿದರೆ ಸಂಬಳ ನಿಲ್ಲುತ್ತದೆ.

ದೊಡ್ಡ ಹೆಸರುಗಳೂ ಉಳಿಯಲಿಲ್ಲ

ಅಮೆರಿಕದ ಕ್ರೀಡಾ ವಾಹಿನಿ ಇ.ಎಸ್.ಪಿ.ಎನ್. 2016ರ ಜನವರಿಯಲ್ಲಿ ಇ-ಸ್ಪೋರ್ಟ್ಸ್ ಸುದ್ದಿಗೆಂದೇ ಪ್ರತ್ಯೇಕ ವಿಭಾಗ ತೆರೆಯಿತು. ಐದು ವರ್ಷ ತುಂಬುವ ಮೊದಲೇ, 2020ರ ನವೆಂಬರಿನಲ್ಲಿ, ಅದನ್ನು ಮುಚ್ಚಿತು. ಅದೇ ಸಂದರ್ಭದಲ್ಲಿ ಆ ಸಂಸ್ಥೆ ಒಟ್ಟು ಸುಮಾರು 300 ನೌಕರರನ್ನು ಬಿಡಿಸಿತು. ವಾಷಿಂಗ್ಟನ್ ಪೋಸ್ಟ್ ಪತ್ರಿಕೆ 2019ರಲ್ಲಿ ‘ಲಾಂಚರ್’ ಎಂಬ ಆಟದ ಸುದ್ದಿಯ ವಿಭಾಗವನ್ನು ಆರಂಭಿಸಿ 2023ರಲ್ಲಿ ನಿಲ್ಲಿಸಿತು. ಫೇಜ್ ಕ್ಲ್ಯಾನ್ ಎಂಬ ಆಟ ಮತ್ತು ಮನರಂಜನೆಯ ಸಂಸ್ಥೆ 2022ರ ಜುಲೈಯಲ್ಲಿ ಅಮೆರಿಕದ ಷೇರುಪೇಟೆಗೆ ಬಂದಾಗ ಅದರ ಬೆಲೆ ಸುಮಾರು 72.5 ಕೋಟಿ ಡಾಲರ್ ಎಂದು ಕಟ್ಟಲಾಗಿತ್ತು. ಮರುವರ್ಷವೇ ಅದನ್ನು ಇನ್ನೊಂದು ಕಂಪನಿ ಎರಡು ಕೋಟಿ ಡಾಲರಿಗಿಂತಲೂ ಕಡಿಮೆ ಬೆಲೆಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು.

ಈ ಮೂರೂ ಕಡೆ ಬರೆಯುವವರ ಲೇಖನಿ ಮೊಂಡಾಗಿರಲಿಲ್ಲ, ನೋಡುವವರೂ ಓಡಿಹೋಗಿರಲಿಲ್ಲ. ನಿರೀಕ್ಷೆಯ ಮೇಲೆ ಕಟ್ಟಿದ ಬೆಲೆ ಗಳಿಕೆಯ ಅಳತೆಗೆ ಇಳಿಯಿತು, ಅಷ್ಟೇ.

ಭಾರತದ ಕಥೆಯಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರಿತು. ಪಬ್‌ಜಿ ಮೊಬೈಲ್ ಆಟವನ್ನು ಸರ್ಕಾರ 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿತು. ಅದರ ಭಾರತೀಯ ರೂಪ 2021ರ ಜುಲೈಯಲ್ಲಿ ಬಂದು, 2022ರ ಜುಲೈಯಲ್ಲಿ ಮರೆಯಾಗಿ, 2023ರ ಮೇ ತಿಂಗಳಲ್ಲಿ ಮರಳಿತು. ಒಂದೇ ಆಟವನ್ನು ನಂಬಿ ಬದುಕುತ್ತಿದ್ದ ತಂಡಗಳೂ ವಿವರಣೆಕಾರರೂ ಆ ಹತ್ತು ತಿಂಗಳು ಕೈಕಟ್ಟಿ ಕುಳಿತರು.

ಅನಂತರ ಹಣದ ಆಟಗಳ ಸರದಿ ಬಂತು. 2023ರ ಜುಲೈಯಲ್ಲಿ ಜಿ.ಎಸ್.ಟಿ. ಮಂಡಳಿಯು ಪಣಕ್ಕಿಟ್ಟ ಪೂರ್ಣ ಮೊತ್ತದ ಮೇಲೆ ಶೇಕಡಾ 28ರಷ್ಟು ತೆರಿಗೆ ವಿಧಿಸಲು ತೀರ್ಮಾನಿಸಿತು. ತನ್ನ ಹೊರೆ ಶೇಕಡಾ 350ರಿಂದ 400ರಷ್ಟು ಹೆಚ್ಚುವುದೆಂದು ಹೇಳಿ ಎಂ.ಪಿ.ಎಲ್. ಆಗಲೇ ಸುಮಾರು 350 ನೌಕರರನ್ನು ತೆಗೆದಿತ್ತು. 2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ ಆನ್‌ಲೈನ್ ಆಟಗಳ ಮಸೂದೆಗೆ ಒಪ್ಪಿಗೆ ನೀಡಿದವು; 22ರಂದು ರಾಷ್ಟ್ರಪತಿಯವರ ಅಂಕಿತ ಬಿದ್ದಿತು. ಹಣ ಕಟ್ಟಿ ಆಡಿಸುವುದಕ್ಕೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿಯವರೆಗೆ ದಂಡ. ಅಂಥ ಆಟದ ಜಾಹೀರಾತಿಗೂ ಶಿಕ್ಷೆ. ಕೆಲವೇ ದಿನಗಳಲ್ಲಿ ಡ್ರೀಮ್ 11 ಹೆಸರು ಭಾರತ ತಂಡದ ಜರ್ಸಿಯಿಂದ ಇಳಿಯಿತು.

ಆ ಕಾಯ್ದೆಯ ಹಿಂದೆ ಸಾಲಕ್ಕೆ ಸಿಕ್ಕಿ ಒಡೆದ ಮನೆಗಳ ಅಳಲಿತ್ತು ಎಂಬುದನ್ನು ಮರೆಯಬಾರದು. ಕಾಯ್ದೆ ಇ-ಸ್ಪೋರ್ಟ್ಸನ್ನು ನಿಷೇಧಿಸಲಿಲ್ಲ. ಅದನ್ನು ಹಣದ ಆಟದಿಂದ ಬೇರ್ಪಡಿಸಿ ಮಾನ್ಯತೆಯನ್ನೇ ನೀಡಿತು. ಆದರೆ ಪಂದ್ಯಾವಳಿಗಳಿಗೂ ಕ್ರೀಡಾ ಪ್ರಸಾರಕ್ಕೂ ಹರಿಯುತ್ತಿದ್ದ ಒಂದು ದೊಡ್ಡ ತೊರೆ ಒಂದೇ ವಾರದಲ್ಲಿ ಬತ್ತಿತು. ಎಂ.ಪಿ.ಎಲ್. ಪೂರ್ತಿ ಮುಚ್ಚಲಿಲ್ಲ, ಹೊರದೇಶಗಳಲ್ಲಿ ಅದರ ವ್ಯವಹಾರ ಮುಂದುವರಿಯಿತು. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಬೇಕಾಗಿದ್ದ ನೌಕರನಿಗೆ ಆ ಸಮಾಧಾನ ಯಾವ ಉಪಯೋಗಕ್ಕೆ ಬಂದೀತು?

ಗಿರಣಿಯ ಮೊಕದ್ದಮೆ ಕಲಿಸಿದ್ದು

ಮತ್ತೆ ಜುನಿ ಗಿರಣಿಗೆ ಬರೋಣ. ಅದು ಮುಚ್ಚಿದ ಬಳಿಕ ಕೇಂದ್ರ ಸರ್ಕಾರ 1950ರ ಜನವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಏಪ್ರಿಲಿನಲ್ಲಿ ಕಾಯ್ದೆ ಮಾಡಿ, ಗಿರಣಿಯ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ದುರಾಡಳಿತದಿಂದ ಅವಶ್ಯಕ ವಸ್ತುವಿನ ಉತ್ಪಾದನೆಗೆ ಧಕ್ಕೆಯಾಗಿದೆ, ಜನರಲ್ಲಿ ತೀವ್ರ ನಿರುದ್ಯೋಗ ಉಂಟಾಗಿದೆ ಎಂಬ ಕಾರಣವನ್ನು ಆ ಕಾಯ್ದೆಯ ಪೀಠಿಕೆಯಲ್ಲಿಯೇ ಬರೆಯಲಾಗಿತ್ತು. ಚಿರಂಜಿತ್ ಲಾಲ್ ಚೌಧರಿ ಎಂಬ ಷೇರುದಾರರು ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1950ರ ಡಿಸೆಂಬರಿನಲ್ಲಿ ಅವರ ಅರ್ಜಿ ಬಿದ್ದುಹೋಯಿತು. ಸರ್ಕಾರ ನೇಮಿಸಿದ ನಿರ್ದೇಶಕರು ಪ್ರಾಶಸ್ತ್ಯ ಷೇರಿಗೆ ತಲಾ 50 ರೂಪಾಯಿ ಹೆಚ್ಚುವರಿ ತುಂಬಬೇಕೆಂದಾಗ ದ್ವಾರಕಾದಾಸ್ ಶ್ರೀನಿವಾಸ್ ಮೊಕದ್ದಮೆ ಹೂಡಿದರು. 1953ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅವರ ವಾದವನ್ನು ಎತ್ತಿಹಿಡಿದು, ಪರಿಹಾರ ನೀಡದೆ ಆಸ್ತಿಯನ್ನು ಕಿತ್ತುಕೊಂಡಂತಾಯಿತೆಂದು ಆ ಕಾಯ್ದೆಯನ್ನು ಅಸಿಂಧುವೆಂದಿತು.

ಕಾನೂನು ಕಾಲೇಜುಗಳಲ್ಲಿ ಈ ಎರಡೂ ತೀರ್ಪುಗಳನ್ನು ಇಂದಿಗೂ ಓದಿಸುತ್ತಾರೆ. ಎರಡನ್ನೂ ಹೂಡಿದವರು ಷೇರುದಾರರು. ಚರ್ಚೆಯಾದದ್ದು ಅವರ ಆಸ್ತಿಯ ಹಕ್ಕು. ಮಗ್ಗದ ಮುಂದೆ ನಿಂತವನ ಹೆಸರು ಆ ಮೊಕದ್ದಮೆಗಳ ಶೀರ್ಷಿಕೆಯಲ್ಲಿಲ್ಲ. ಗಿರಣಿಯೂ ಕೊನೆಗೆ ಉಳಿಯಲಿಲ್ಲ. ಮುಂದೆ ಲಕ್ಷ್ಮೀ-ವಿಷ್ಣು ಗಿರಣಿ, ನರಸಿಂಗ ಗಿರ್ಜಿ ಗಿರಣಿಗಳ ಯಂತ್ರಗಳೂ ನಿಂತವು.

ಆದರೂ ಸೊಲ್ಲಾಪುರ ನೇಯುವುದನ್ನು ಬಿಡಲಿಲ್ಲ. ಗಿರಣಿಗಳು ಹೋದರೂ ಪಾವರ್‌ಲೂಮುಗಳು ಉಳಿದವು, ಚಾದರ ಮತ್ತು ಟಾವೆಲುಗಳು ಊರಿನ ಹೆಸರನ್ನು ದೇಶಕ್ಕೆ ಹೊತ್ತು ತಿರುಗಿದವು. ಕಂಪನಿ ಅಳಿದರೂ ಕೈಯ ಕಸುಬು ಅಳಿಯಲಿಲ್ಲ. ಗಿರಣಿಯವರಿಗೆ ಇನ್ನೊಂದು ಬಲವೂ ಇತ್ತು. ತೆಲುಗು, ಕನ್ನಡ, ಮರಾಠಿ ಮಾತಾಡುವವರು ಒಂದೇ ಪಾಳಿಯಲ್ಲಿ ದುಡಿದು, ಅಕ್ಕಪಕ್ಕದ ಚಾಳುಗಳಲ್ಲಿ ಬದುಕಿ, ಸಂಘ ಕಟ್ಟಿಕೊಂಡಿದ್ದರು. ಇಂದಿನ ನೌಕರ ಬೆಂಗಳೂರಿನಲ್ಲೋ ಪುಣೆಯಲ್ಲೋ ಬಾಡಿಗೆಯ ಕೋಣೆಯಲ್ಲಿ ಒಬ್ಬನೇ ಕುಳಿತು ಆ ಇ-ಮೇಲ್ ಓದುತ್ತಾನೆ. ಊರಿಗೆ ಫೋನು ಮಾಡಿ ಹೇಳುವುದಕ್ಕೂ ಹಿಂಜರಿಯುತ್ತಾನೆ.

ಕಾಯ್ದೆ ಕೊಡುವುದೇನು?

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಲಸದಿಂದ ತೆಗೆದರೂ, ತಾನೇ ಬಿಟ್ಟರೂ, ಸಂಸ್ಥೆ ಮುಚ್ಚಿದರೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಒಂದು ವರ್ಷ ನಿರಂತರ ದುಡಿದ ಕಾರ್ಮಿಕನನ್ನು ಹೆಚ್ಚುವರಿಯೆಂದು ತೆಗೆಯುವಾಗ ಒಂದು ತಿಂಗಳ ಮುನ್ಸೂಚನೆ ಅಥವಾ ಅದಕ್ಕೆ ಬದಲಾಗಿ ವೇತನ, ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಸಲ್ಲಬೇಕು. ಹೊಸ ಕೌಶಲ ಕಲಿಯಲೆಂದು 15 ದಿನಗಳ ವೇತನ ಬೇರೆ. ನಿಗದಿತ ಅವಧಿಗೆ ನೇಮಕಗೊಂಡವರಿಗೆ ಒಂದು ವರ್ಷದ ಸೇವೆಗೂ ಗ್ರಾಚ್ಯುಟಿ ಉಂಟು.

ಕಂಪನಿ ದಿವಾಳಿಯೆದ್ದರೆ 2016ರ ದಿವಾಳಿ ಸಂಹಿತೆ ಅನ್ವಯಿಸುತ್ತದೆ. ಆಸ್ತಿ ಮಾರಿ ಬಂದ ಹಣದಲ್ಲಿ ಪ್ರಕ್ರಿಯೆಯ ವೆಚ್ಚ ಕಳೆದ ಮೇಲೆ, ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಆಸ್ತಿ ಒತ್ತೆಯಿಟ್ಟುಕೊಂಡ ಸಾಲಿಗರ ಬಾಕಿ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಇತರ ನೌಕರರ 12 ತಿಂಗಳ ಬಾಕಿ ಅದರ ನಂತರ. ಭವಿಷ್ಯ ನಿಧಿಯ ಹಣವನ್ನು ಸಾಲಗಾರರು ಮುಟ್ಟುವಂತಿಲ್ಲ. ಷೇರುದಾರರ ಸರದಿ ಕಟ್ಟಕಡೆಗೆ. ಜುನಿ ಗಿರಣಿಯ ಕಾಲದಲ್ಲಿ ಇಲ್ಲದಿದ್ದ ಆಸರೆ ಇದು.

ಆದರೆ ಈ ಆಸರೆಗೆ ಒಂದು ದೊಡ್ಡ ಬಿರುಕಿದೆ. ಮೇಲ್ವಿಚಾರಕ ಹುದ್ದೆಯ ಹೆಚ್ಚಿನ ವೇತನದವರು, ವ್ಯವಸ್ಥಾಪಕರು ‘ಕಾರ್ಮಿಕ’ ಎಂಬ ವ್ಯಾಖ್ಯೆಯೊಳಗೆ ಬರುವುದಿಲ್ಲ. ವಿಡಿಯೊಕ್ಕಿಷ್ಟು, ಲೇಖನಕ್ಕಿಷ್ಟು ಎಂದು ಗುತ್ತಿಗೆಯ ಮೇಲೆ ದುಡಿಯುವವರು ನೌಕರರೆಂದೇ ಎಣಿಕೆಯಾಗುವುದಿಲ್ಲ. ಆಟದ ಮಾಧ್ಯಮದಲ್ಲಿ ಅಂಥವರು ಬಹಳ.

ಆದ್ದರಿಂದ ಮಗನೋ ಮಗಳೋ ಇಂಥ ಕೆಲಸಕ್ಕೆ ಹೊರಟಾಗ ಮನೆಯವರು ಕೇಳಬೇಕಾದ ಪ್ರಶ್ನೆಗಳು ಸರಳ. ನೇಮಕಪತ್ರ ಇದೆಯೇ, ಅಥವಾ ಬರೀ ಗುತ್ತಿಗೆಯ ಕಾಗದವೇ? ಸಂಬಳದಿಂದ ಹಿಡಿದ ಪಿ.ಎಫ್. ಹಣ ಪ್ರತಿ ತಿಂಗಳು ಖಾತೆಗೆ ಬೀಳುತ್ತಿದೆಯೇ ಎಂದು ಪಾಸ್‌ಬುಕ್ಕಿನಲ್ಲಿ ನೋಡಿದ್ದೀರಾ? ಕಂಪನಿಗೆ ಹಣ ಬರುವುದು ಎಷ್ಟು ಕಡೆಯಿಂದ, ಒಂದೇ ಕಡೆಯಿಂದಲೋ? ಸಂಬಳ ಒಂದು ತಿಂಗಳು ತಡವಾದರೆ ಎರಡನೆಯ ತಿಂಗಳಿಗೆ ಬೇರೆ ಕೆಲಸ ಹುಡುಕುವ ಧೈರ್ಯವಿದೆಯೇ? ಕಂಪನಿಯ ಹೆಸರು ಅಳಿಸಿಹೋದರೂ ‘ಇದು ನಾನು ಮಾಡಿದ ಕೆಲಸ’ ಎಂದು ತೋರಿಸಲು ತನ್ನ ಬಳಿ ಪ್ರತಿ ಉಳಿದಿದೆಯೇ?

ಗಡಿನಾಡಿನ ಮಕ್ಕಳ ಬಳಿ ಒಂದು ಬಂಡವಾಳ ಮೊದಲೇ ಇದೆ. ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಟಿ.ವಿ.ಯಲ್ಲಿ ಹಿಂದಿ, ಪುಸ್ತಕದಲ್ಲಿ ಇಂಗ್ಲಿಷ್. ಕ್ರೀಡೆಯ ವಿವರಣೆ ಈಗ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರುತ್ತಿರುವ ಕಾಲದಲ್ಲಿ ತಿದ್ದಿದ ಭಾಷೆಯಲ್ಲಿ ತಡವರಿಸದೆ ಮಾತಾಡಬಲ್ಲವನು, ತಪ್ಪಿಲ್ಲದೆ ಬರೆಯಬಲ್ಲವಳು ಒಂದೇ ಆಟವನ್ನು ಅವಲಂಬಿಸಬೇಕಾಗಿಲ್ಲ. ದೃಶ್ಯ ಸಂಕಲನ ಕಲಿತ ಕೈ ಆಟದ ವಿಡಿಯೊ ಬಿಟ್ಟು ಶಾಲೆಯ ಪಾಠದ ವಿಡಿಯೊ ಮಾಡಬಲ್ಲದು, ಚಾದರದ ಅಂಗಡಿಯ ಜಾಹೀರಾತನ್ನೂ ಮಾಡಬಲ್ಲದು. ಯಾವುದೋ ಒಂದು ಆಟದಲ್ಲಿ ಗಳಿಸಿದ ಅಂಕಗಳನ್ನು ಮಾತ್ರ ಬೇರೆಡೆಗೆ ಹೊತ್ತೊಯ್ಯಲು ಬರುವುದಿಲ್ಲ. ಆ ಆಟ ನಿಂತ ದಿನ ಅವೂ ನಿಲ್ಲುತ್ತವೆ.

ಪದವಿ ಮುಗಿಸದೆ ಆಟದ ಬೆನ್ನು ಹತ್ತುವುದಕ್ಕೂ, ಓದುತ್ತಲೇ ಈ ಕಸುಬುಗಳನ್ನು ಕಲಿಯುವುದಕ್ಕೂ ಇರುವ ಅಂತರವನ್ನು ಮಕ್ಕಳಿಗೆ ಮನೆಯಲ್ಲಿಯೇ ವಿವರಿಸಬಹುದು. ಅದಕ್ಕೆ ಬೆಂಗಳೂರಿನ ಉದಾಹರಣೆಯೇ ಬೇಕೆಂದಿಲ್ಲ. ಗಿರಣಿಯಲ್ಲಿ ದುಡಿದ ಅಜ್ಜಂದಿರು ಇನ್ನೂ ಇರುವ ಮನೆಗಳು ಸೊಲ್ಲಾಪುರದಲ್ಲಿವೆ. ಭೋಂಗಾ ನಿಂತ ಮರುದಿನ ಬೆಳಿಗ್ಗೆ ಏನು ಮಾಡಿದಿರಿ ಎಂದು ಮೊಮ್ಮಕ್ಕಳು ಒಂದು ಸಂಜೆ ಅವರನ್ನು ಕೇಳಲಿ.