ಸಾಮಾನು ಲಾರಿಯಲ್ಲಿ, ಸಂಸಾರ ಕಾರಿನಲ್ಲಿ

ಮನೆ ಖಾಲಿ ಮಾಡುವುದು ಒಂದು ಕೆಲಸ. ಮಕ್ಕಳನ್ನೂ ಮುದುಕರನ್ನೂ ಕರೆದುಕೊಂಡು ದೂರದ ದಾರಿ ಸವೆಸುವುದು ಇನ್ನೊಂದು ಕೆಲಸ. ಬೇರೆ ಬೇರೆಯಾಗಿ ಬಂದರೆ ಎರಡನ್ನೂ ನಿಭಾಯಿಸಬಹುದು. ಒಂದೇ ವಾರದಲ್ಲಿ ಕೂಡಿ ಬಂದಾಗ ಒಂದಕ್ಕೆ ಬೇಕಾದ ವಸ್ತು ಇನ್ನೊಂದರ ಗಂಟಿನೊಳಗೆ ಸೇರಿಹೋಗುತ್ತದೆ. ವರ್ಗಾವಣೆಯ ನೌಕರಿಯವರಿಗೆ ಇದು ಹೊಸ ಮಾತಲ್ಲ. ಶಾಲೆಯ ಫಲಿತಾಂಶ ಬಂದ ಮೇಲೆ, ಆಷಾಢ ಕಾಲಿಡುವ ಮುನ್ನ ಎಂದು ಲೆಕ್ಕ ಹಾಕಿದರೆ, ನಮ್ಮಲ್ಲಿ ಬಹುಮಂದಿ ಮನೆ ಬದಲಾಯಿಸುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ; ಎಂದರೆ ನೆತ್ತಿ ಸುಡುವ ಬಿಸಿಲಿನಲ್ಲಿ. ಮೇಷ್ಟರ ಕೆಲಸದಲ್ಲಿ ಐದು ಊರುಗಳ ನೀರು ಕುಡಿದವನಾದ್ದರಿಂದ ಈ ವಿಷಯವಾಗಿ ನಾಲ್ಕು ಮಾತು ಹೇಳಲು ಹೊರಟಿದ್ದೇನೆ.

ಮೈಸೂರಿನಿಂದ ಧಾರವಾಡಕ್ಕೆ ಹೊರಟ ಒಂದು ಸಂಸಾರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಯಜಮಾನರು, ಮನೆಯಾಕೆ, ಇಬ್ಬರು ಮಕ್ಕಳು, ಜೊತೆಗೆ ಎಪ್ಪತ್ತು ದಾಟಿದ ಅಜ್ಜಿ. ಅಜ್ಜಿಗೆ ಸಕ್ಕರೆ ಕಾಯಿಲೆ. ದಿನವೂ ಇನ್ಸುಲಿನ್ ಚುಚ್ಚಿಸಿಕೊಳ್ಳಬೇಕು. ಸಾಮಾನೆಲ್ಲ ಲಾರಿಗೆ, ಇವರೈವರೂ ಸ್ವಂತ ಕಾರಿಗೆ. ದಾರಿ ನಾನೂರು ಕಿಲೋಮೀಟರಿಗೆ ಮಿಗಿಲು.

ಮೊದಲು ತೀರ್ಮಾನವಾಗಬೇಕಾದದ್ದು ಯಾವುದು ಲಾರಿಗೆ, ಯಾವುದು ಕಾರಿಗೆ ಎಂಬುದು. ನಾಳೆ ಬರುವೆನೆಂದ ಲಾರಿ ಮೂರನೆಯ ದಿನ ಬರುವುದುಂಟು. ಹಗಲು ಹೊತ್ತು ಭಾರಿ ವಾಹನಗಳನ್ನು ಊರೊಳಗೆ ಬಿಡದ ಪಟ್ಟಣಗಳಿವೆ; ಒಂದೇ ಲಾರಿಯಲ್ಲಿ ಎರಡು ಮನೆಗಳ ಸಾಮಾನು ತುಂಬುವುದೂ ಇದೆ. ಆದ್ದರಿಂದ ಪ್ರತಿಯೊಂದು ವಸ್ತುವನ್ನೂ ಕೈಗೆತ್ತಿಕೊಂಡು, 'ಇದು ಮೂರು ದಿನ ಸಿಗದಿದ್ದರೆ ಏನಾದೀತು?' ಎಂದು ಕೇಳಿಕೊಳ್ಳಿ. ತೊಂದರೆಯಾಗುವಂತಿದ್ದರೆ ಅದು ಕಾರಿಗೆ ಸೇರಬೇಕಾದದ್ದು. ಅಜ್ಜಿಯ ಔಷಧಿ, ಕನ್ನಡಕ, ಮನೆಯ ಕಾಗದಪತ್ರ, ಒಡವೆ, ಎರಡು ದಿನದ ಬಟ್ಟೆ, ಫೋನಿನ ಚಾರ್ಜರು ಇಷ್ಟೇ. ಇವನ್ನು ಹಿಂದಿನ ದಿನವೇ ಒಂದು ಕೋಣೆಯಲ್ಲಿಟ್ಟು ಬೀಗ ಹಾಕಿ, ಕೀಲಿಕೈಯನ್ನು ಮನೆಯಾಕೆ ಇಟ್ಟುಕೊಳ್ಳಲಿ. ಹಮಾಲರು ಒಳಗೆ ಬಂದ ಮೇಲೆ ಕಣ್ಣಿಗೆ ಬಿದ್ದದ್ದೆಲ್ಲ ಲಾರಿಗೆ ಹೋಗುತ್ತದೆ. ಅದು ಅವರ ತಪ್ಪಲ್ಲ, ಅವರ ಕಸುಬು.

ಔಷಧಿಯ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಇನ್ನೂ ಬಳಸದ ಇನ್ಸುಲಿನ್ ಸೀಸೆಗಳು ೨ರಿಂದ ೮ ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಬಳಸಲು ತೆಗೆದ ಸೀಸೆ ಮನೆಯ ಸಾಧಾರಣ ತಂಪಿನಲ್ಲಿ ಕೆಲವು ವಾರ ಕೆಡದೆ ಇರುತ್ತದೆ; ಎಷ್ಟು ದಿನ ಎಂಬುದು ಅದರ ಪೆಟ್ಟಿಗೆಯೊಳಗಿನ ಕಾಗದದಲ್ಲಿ ಅಚ್ಚಾಗಿರುತ್ತದೆ. ಆದರೆ ಬಿಸಿಲಿನಲ್ಲಿ ನಿಲ್ಲಿಸಿ ಬಾಗಿಲು ಮುಚ್ಚಿದ ಕಾರು ಮನೆಯಲ್ಲ, ಕುಲುಮೆ. ಒಂದು ಗಂಟೆಯೊಳಗೆ ಅದರ ಒಳಗಿನ ಶಾಖ ಹೊರಗಿನದಕ್ಕಿಂತ ೨೦ ಡಿಗ್ರಿಯಷ್ಟು ಏರಬಲ್ಲದು. ಊಟಕ್ಕೆ ಇಳಿದಾಗ ಔಷಧಿಯ ಚೀಲವೂ ನಿಮ್ಮೊಡನೆ ಇಳಿಯಲಿ. ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕನ್ನು ತಣ್ಣೀರಿನಿಂದ ತೊಳೆದು, ತಂಪು ಮಾಡಿದ ಪೊಟ್ಟಣವೊಂದನ್ನು ಅದರ ತಳದಲ್ಲಿಟ್ಟು, ಸೀಸೆಗಳನ್ನು ಬಟ್ಟೆಯಲ್ಲಿ ಸುತ್ತಿಡಿ. ಮಂಜುಗಡ್ಡೆಗೆ ನೇರವಾಗಿ ತಗುಲಿಸಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಪ್ರಯೋಜನಕ್ಕೆ ಬಾರದು, ಅದನ್ನು ಎಸೆಯಬೇಕು.

ಇದಕ್ಕಿಂತ ಮುಖ್ಯವಾದದ್ದು ಊಟದ ಹೊತ್ತು. 'ಮುಂದಿನ ಊರಿನಲ್ಲಿ ಒಳ್ಳೆಯ ಹೋಟೆಲಿದೆ, ಈಗಲೇ ಚುಚ್ಚಿಬಿಡೋಣ' ಎಂದು ಅವಸರಪಡುವವರನ್ನು ಕಂಡಿದ್ದೇನೆ. ಊಟಕ್ಕೆ ಮುಂಚೆ ಕೊಡುವ ಇನ್ಸುಲಿನ್ ಆದರೆ, ಎಲೆಯಲ್ಲಿ ಅನ್ನ ಬೀಳುವುದು ಖಚಿತವಾಗುವವರೆಗೆ ಕೊಡಬಾರದು. ದಾರಿಯಲ್ಲಿ ಟೈರು ಕೆಟ್ಟು ಊಟ ಒಂದು ಗಂಟೆ ತಡವಾದರೆ ರಕ್ತದ ಸಕ್ಕರೆ ಇಳಿದು, ಅಜ್ಜಿ ಬೆವರಿ, ನಡುಗಿ, ಮಾತು ತೊದಲಬಹುದು. ಅಜ್ಜಿಯ ಕೈಗೆಟುಕುವಲ್ಲಿ ಗ್ಲೂಕೋಸ್ ಇಲ್ಲವೇ ಸಕ್ಕರೆ ಇರಲಿ. ಹೊರಡುವ ಮೊದಲು ಒಮ್ಮೆ ವೈದ್ಯರನ್ನು ಕಂಡು ಪ್ರಯಾಣದ ದಿನದ ಪ್ರಮಾಣವನ್ನು ಕೇಳಿ, ಹದಿನೈದು ದಿನದ ಔಷಧಿಯನ್ನೂ ಚೀಟಿಯನ್ನೂ ತೆಗೆದುಕೊಳ್ಳಿ. ಹೊಸ ಊರಿನಲ್ಲಿ ವೈದ್ಯರ ಪರಿಚಯವಾಗಲು ಅಷ್ಟು ದಿನ ಬೇಕು.

ಕಾಗದಪತ್ರಗಳಲ್ಲಿ ಮಕ್ಕಳ ವರ್ಗಾವಣೆ ಪತ್ರ ಮುಖ್ಯ. ಶಾಲೆಗೆ ಬೇಸಿಗೆ ರಜೆ ಬಿದ್ದ ಮೇಲೆ ಕಚೇರಿಯಲ್ಲಿ ಸಹಿ ಹಾಕುವವರು ಸಿಗುವುದು ಕಷ್ಟ. ಇದನ್ನು ನಾನು ಮೇಜಿನ ಈಚೆಗೆ ಕುಳಿತು ಬಲ್ಲೆ. ಫಲಿತಾಂಶದ ದಿನವೇ ಅರ್ಜಿ ಕೊಡಿ, ಹೆಸರಿನ ಅಕ್ಷರಗಳನ್ನು ಅಲ್ಲಿಯೇ ಓದಿ ನೋಡಿ. ಗ್ಯಾಸಿನ ಸಿಲಿಂಡರನ್ನು ಲಾರಿಗೆ ಹೇರಬೇಡಿ. ಬೇರೆ ಊರಿಗೆ ಹೋಗುವವರು ಸಿಲಿಂಡರು, ರೆಗ್ಯುಲೇಟರುಗಳನ್ನು ಏಜೆನ್ಸಿಗೆ ಹಿಂದಿರುಗಿಸಿ, ಠೇವಣಿ ಪಡೆದು, ಅವರು ಕೊಡುವ ವೋಚರನ್ನು ಜೋಪಾನವಾಗಿಟ್ಟುಕೊಳ್ಳಬೇಕು. ಅದನ್ನು ತೋರಿಸಿದರೆ ಹೊಸ ಊರಿನಲ್ಲಿ ಸಂಪರ್ಕ ದೊರೆಯುತ್ತದೆ.

ಕಾರನ್ನು ಹೊರಡುವ ಹಿಂದಿನ ದಿನವಲ್ಲ, ಒಂದು ವಾರ ಮುಂಚೆ ಮೆಕ್ಯಾನಿಕ್ಕಿಗೆ ತೋರಿಸಿ. ಏನಾದರೂ ಬಿಡಿಭಾಗ ಬೇಕೆಂದರೆ ತರಿಸಲು ಸಮಯ ಬೇಕಲ್ಲವೇ? ಟೈರಿನ ಪಟ್ಟೆಗಳ ಆಳ ೧.೬ ಮಿಲಿಮೀಟರಿಗಿಂತ ಕಡಿಮೆಯಾಗಿದ್ದರೆ ಆ ಟೈರಿಗೆ ರಸ್ತೆಯಲ್ಲಿ ಹಕ್ಕಿಲ್ಲ. ಗಾಳಿಯನ್ನು ಟೈರು ತಣ್ಣಗಿರುವಾಗ ಅಳೆಯಿಸಿ. ತುಂಬು ಭಾರಕ್ಕೆ ಎಷ್ಟು ಒತ್ತಡವೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಇರುತ್ತದೆ. ಸ್ಟೆಪ್ನಿಯನ್ನೂ ಮರೆಯಬೇಡಿ. ಅದನ್ನು ತೆಗೆಯಬೇಕಾದರೆ ಮೇಲಿನ ಗಂಟುಮೂಟೆಯನ್ನೆಲ್ಲ ರಸ್ತೆಗೆ ಇಳಿಸುವಂತಾಗದಿರಲಿ.

ಇನ್ನೊಂದು ಅಪಾಯವೆಂದರೆ ಲಾರಿ ಹೊರಟ ಮೇಲೆ ಮನೆಯಲ್ಲಿ ಉಳಿದ ಸಾಮಾನು. ತುಳಸಿಯ ಕುಂಡ, ಕಬ್ಬಿಣದ ಬಾಣಲೆ, ಪೂಜೆಯ ಕಲ್ಲು, ಉಪ್ಪಿನಕಾಯಿ ಜಾಡಿ, ಹೀಗೆ ಒಂದೊಂದೇ ಕಾರಿನ ಹಿಂಬದಿಗೆ ಬಂದು ಕೂಡುತ್ತವೆ. ಬ್ರೇಕು ಒತ್ತಿದ ಕ್ಷಣ ಕಾರು ನಿಲ್ಲುತ್ತದೆ, ಬಾಣಲೆ ನಿಲ್ಲುವುದಿಲ್ಲ. ಮುಂದೆ ಕುಳಿತ ಮಗುವಿನ ತಲೆಗೆ ಬಂದು ತಾಗುತ್ತದೆ. ಭಾರದ ವಸ್ತು ತಳದಲ್ಲಿ, ಸೀಟಿನ ಬೆನ್ನಿಗೆ ಒತ್ತಿ ಇರಬೇಕು. ಸೀಟಿನ ಎತ್ತರ ಮೀರಿ ಏನನ್ನೂ ಪೇರಿಸಬಾರದು. ಹಿಂದೆ ಕುಳಿತವರಿಗೂ ಬೆಲ್ಟು ಕಡ್ಡಾಯ. ಮಕ್ಕಳನ್ನು ಬೆಲ್ಟಿಲ್ಲದೆ ಕೂರಿಸಿದರೆ ದಂಡವುಂಟೆಂದು ೨೦೧೯ರ ತಿದ್ದುಪಡಿ ಹೇಳುತ್ತದೆ. ದಂಡದ ಮಾತು ಹಾಗಿರಲಿ, ಮಗುವಿನ ಮಾತು ಮೊದಲು.

ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಲಾರಿ ತುಂಬಿದ ದಿನವೇ ಕಾರು ಹತ್ತಬೇಡಿ. ಬೆಳಗಿನಿಂದ ಬೀರು, ಮಂಚ ಹೊರಿಸಿ, ಹಮಾಲರೊಡನೆ ಚೌಕಾಸಿ ಮಾಡಿ, ಮಧ್ಯಾಹ್ನದ ಊಟ ಬಿಟ್ಟ ಮನುಷ್ಯ ಸಂಜೆ ಸ್ಟಿಯರಿಂಗ್ ಹಿಡಿದರೆ ನಿದ್ರೆ ಅವನನ್ನು ಹಿಡಿಯುತ್ತದೆ. ಆ ರಾತ್ರಿ ಬಂಧುಗಳ ಮನೆಯಲ್ಲಿ ಉಂಡು ಮಲಗಿ, ಬೆಳಗಿನ ಐದು ಗಂಟೆಗೆ ಹೊರಡಿ. ಲಾರಿ ಮೊದಲೇ ತಲುಪೀತೆಂಬ ಚಿಂತೆಯಿದ್ದರೆ, ಧಾರವಾಡದ ಮನೆಯೊಡೆಯರಿಗೆ ಮುಂಚಿತವಾಗಿ ಫೋನು ಮಾಡಿದರಾಯಿತು. 'ಬರ್ರಿ, ಚಿಂತಿ ಮಾಡಬ್ಯಾಡ್ರಿ, ನಾವ್ ಇಳಿಸ್ಕೊಂತೀವಿ' ಎನ್ನುವ ಜನ ಆ ಕಡೆ ಬಹಳ.

ಶ್ರೀರಂಗಪಟ್ಟಣ, ನಾಗಮಂಗಲ, ಹುಳಿಯಾರುಗಳ ಮೇಲೆ ಹಿರಿಯೂರಿಗೆ ಬಂದು ಹೆದ್ದಾರಿ ಸೇರಿದರೆ ಬೆಂಗಳೂರಿನ ಗದ್ದಲ ತಪ್ಪುತ್ತದೆ. ಎರಡು ಗಂಟೆಗೊಮ್ಮೆ ನಿಲ್ಲಿಸಿ ಅಜ್ಜಿಯನ್ನು ನಾಲ್ಕು ಹೆಜ್ಜೆ ನಡೆಸಿ. ಕಾಲು ಊದುವುದು ಕಡಿಮೆಯಾಗುತ್ತದೆ. ಮಕ್ಕಳು ಚಿತ್ರದುರ್ಗದ ಕೋಟೆ ಹತ್ತೋಣವೆಂದು ಹಟ ಮಾಡುವರು. ಬೇಸಿಗೆಯ ನಡುಹಗಲಲ್ಲಿ ಆ ಬಂಡೆಗಳ ಮೇಲೆ ಅಜ್ಜಿಯನ್ನು ಏರಿಸುವ ಮಾತು ಬೇಡ. ಅದರ ಬದಲು ಹರಿಹರದಲ್ಲಿ ಇಳಿಯಿರಿ. ತುಂಗಭದ್ರೆಯ ದಡದ ಹರಿಹರೇಶ್ವರನ ಗುಡಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಅದು ಎದ್ದು ೧೨೨೪ಕ್ಕೆ ಎಂಟುನೂರು ವರ್ಷ ಹಿಂದಾಯಿತು. ಒಂದೇ ವಿಗ್ರಹದಲ್ಲಿ ಅರ್ಧ ಹರಿ, ಅರ್ಧ ಹರ. ಮೆಟ್ಟಿಲುಗಳ ಕಾಟವಿಲ್ಲ, ಮಂಟಪದೊಳಗೆ ನೆರಳಿದೆ.

ಬುತ್ತಿಗೆ ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಒಳ್ಳೆಯವು. ಮೊಸರನ್ನ ಬೇಕೆಂದರೆ ಅನ್ನಕ್ಕೆ ಕಾಯಿಸಿ ಆರಿಸಿದ ಹಾಲನ್ನೇ ಹೆಚ್ಚು ಬೆರೆಸಿ, ಮೊಸರು ಒಂದು ಚಮಚ ಸಾಕು. ಮಧ್ಯಾಹ್ನದ ಹೊತ್ತಿಗೆ ಹದಕ್ಕೆ ಬಂದಿರುತ್ತದೆ. ರೇಡಿಯೋವನ್ನು ಲಾರಿಗೆ ಹಾಕುವವರು ಸೆಲ್ಲುಗಳನ್ನು ತೆಗೆದಿರಿಸಿ, ಸೆಲ್ಲು ಸೋರಿದರೆ ಒಳಗಿನ ತಗಡು ಕೆಡುತ್ತದೆ. ಧಾರವಾಡದ ಆಕಾಶವಾಣಿ ೧೯೫೦ರ ಜನವರಿ ೮ರಿಂದ ಮಾತನಾಡುತ್ತಿದೆ. ಹೊಸ ಊರಿನ ಮಾತಿಗೆ ಕಿವಿ ಹೊಂದಿಸಿಕೊಳ್ಳಲು ಮಕ್ಕಳಿಗೆ ಅದಕ್ಕಿಂತ ಸುಲಭದ ಪಾಠವಿಲ್ಲ.

ಹಾಲುಕ್ಕಿಸುವ ಪಾತ್ರೆ, ವಿದ್ಯುತ್ ಒಲೆ, ದೀಪ, ಬೆಂಕಿಪೊಟ್ಟಣ, ಪೊರಕೆ ಇವಿಷ್ಟು ಒಂದು ಚೀಲದಲ್ಲಿ ಕಾರಿನಲ್ಲೇ ಬರಲಿ. ಲಾರಿಯಿಂದ ಇಳಿದ ಫ್ರಿಜ್ಜನ್ನು ಕೂಡಲೇ ಹಾಕಬೇಡಿ. ದಾರಿಯಲ್ಲಿ ಅಡ್ಡ ಮಲಗಿಸಿದ್ದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಹರಿದಿರುತ್ತದೆ, ನೆಟ್ಟಗೆ ನಿಲ್ಲಿಸಿ ಹಲವು ಗಂಟೆ ಬಿಡಬೇಕು. ಅಲ್ಲಿಯವರೆಗೆ ಅಜ್ಜಿಯ ಸೀಸೆಗಳು ಫ್ಲಾಸ್ಕಿನಲ್ಲೇ ಇರಲಿ, ಇಲ್ಲವೇ ನೆರೆಮನೆಯವರ ಫ್ರಿಜ್ಜಿನಲ್ಲಿ ಒಂದು ಮೂಲೆ ಕೇಳಿ ಪಡೆಯಿರಿ. ಕಾರಿನ ನೋಂದಣಿ ಪತ್ರದಲ್ಲಿ ವಿಳಾಸ ಬದಲಾಯಿಸಲು ಸಾರಿಗೆ ಕಚೇರಿಗೆ ೩೦ ದಿನಗಳೊಳಗೆ ತಿಳಿಸಬೇಕು. ಮತದಾರರ ಪಟ್ಟಿಯಲ್ಲಿ ಹೆಸರನ್ನು ಹೊಸ ಊರಿಗೆ ತರಿಸಿಕೊಳ್ಳಲು ಈಗ ೮ನೆಯ ನಮೂನೆಯ ಅರ್ಜಿಯೇ ಸಾಕು.