ಹುಲ್ಲು ತರುವ ಟ್ರ್ಯಾಕ್ಟರ್‌ನ ವೈರಿಂಗ್ ನೋಡಿದ್ದೀರಾ?

ಅಕ್ಕಂದಿರೇ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಸಿಂಧನೂರಿನ ಗದ್ದೆಗಳಲ್ಲಿ ಭತ್ತ ಕೊಯ್ಲಾದರೆ, ಹುಲ್ಲು ಹೇರಿದ ಟ್ರಾಲಿಗಳು ಮಸ್ಕಿ, ಲಿಂಗಸುಗೂರಿನ ದಾರಿ ಹಿಡಿಯುತ್ತವೆ. ದನಗಳ ಬೇಸಿಗೆಯ ಹೊಟ್ಟೆಗೆ ಬೇಕಾದ ಆ ಹುಲ್ಲನ್ನು ಎಳೆದು ತರುವ ನಿಮ್ಮ ಮನೆಯ ಹಳೇ ಟ್ರ್ಯಾಕ್ಟರ್ ಹೇಗಿದೆ? ದಿನಾ ಇಳಿಜಾರಿನಲ್ಲೇ ನಿಲ್ಲಿಸುತ್ತಾರೆಯೇ?

ಹಾಗಿದ್ದರೆ ವೈರಿಂಗ್ ನೋಡುವ ಕಾಲ ಬಂದಿದೆ. ಹಳೇ ಡೀಸೆಲ್ ಎಂಜಿನ್ ಒಮ್ಮೆ ಚಾಲೂ ಆದರೆ ಕರೆಂಟ್ ಇಲ್ಲದೆಯೂ ಓಡುತ್ತದೆ. ಹಾಗಾಗಿಯೇ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.

ಸೆಲ್ಫ್ ಹೊಡೆದಾಗ ‘ಟಕ್’ ಎಂದು ಸುಮ್ಮನಾದರೆ, ಹಾಲಿನ ಬಿಲ್ಲಿನ ದುಡ್ಡಿನಲ್ಲಿ ಹೊಸ ಬ್ಯಾಟರಿ ತರುವ ಮಾತು ಬರುತ್ತದೆ. ಸ್ವಲ್ಪ ತಡೆಯಿರಿ. ಬ್ಯಾಟರಿಯ ತುದಿಗಳಲ್ಲಿ ಬಿಳಿ, ಹಸಿರು ಪುಡಿ ಕಟ್ಟಿದೆಯೇ ನೋಡಿ. ಎಂಜಿನ್ ಬಂದ್ ಮಾಡಿ, ಗಾಡಿಯ ಬಾಡಿಗೆ ಸೇರುವ ಅರ್ಥ್ ವೈರನ್ನು ಮೊದಲು ಬಿಚ್ಚಿ. ಬ್ಯಾಟರಿಯ ಮುಚ್ಚಳಗಳು ಬಿಗಿಯಾಗಿರಲಿ. ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ತುದಿಗಳನ್ನು ಉಜ್ಜಿ ತೊಳೆದು, ಒಣಗಿಸಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಅರ್ಥ್ ವೈರನ್ನು ಕೊನೆಗೆ ಜೋಡಿಸಿ. ಅದರ ಇನ್ನೊಂದು ತುದಿ ಬಾಡಿಗೆ ಕೂಡುವ ಜಾಗದಲ್ಲಿ ತುಕ್ಕು, ಬಣ್ಣ ಇದ್ದರೆ ಕೆರೆದು ಲೋಹ ಹೊಳೆಯುವಂತೆ ಮಾಡಿ. ಹತ್ತಿರ ಬೀಡಿ ಬೇಡ. ಬ್ಯಾಟರಿಯಿಂದ ಬರುವ ಗ್ಯಾಸ್ ಹೊತ್ತಿಕೊಳ್ಳುತ್ತದೆ.

ಆಮೇಲೂ ಸರಿಹೋಗದಿದ್ದರೆ ಮೆಕ್ಯಾನಿಕ್ ಹತ್ತಿರ ಮೀಟರ್ ಇಡಿಸಿ. ನಿಂತ ಗಾಡಿಯಲ್ಲಿ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ 14ರ ಆಸುಪಾಸು ತೋರಿಸಬೇಕು. ಓಡುವಾಗಲೂ ಏರದಿದ್ದರೆ ಡೈನಮೋ ಕಡೆ ನೋಡಬೇಕು. ಹೊಸ ಬ್ಯಾಟರಿ ತಂದರೂ ಅದೇ ಕಥೆ.

ಟ್ರಾಲಿಯ ಹಿಂದಿನ ಲೈಟ್ ಮಂಕಾಗಿದೆಯೇ? ಬ್ರೇಕ್ ಒತ್ತಿದರೆ ಇಂಡಿಕೇಟರ್ ಕೂಡ ಮಿಣುಕುತ್ತದೆಯೇ? ಬಹುಪಾಲು ಅರ್ಥ್ ದೋಷವೇ. ಕೊಂಡಿಯ ಕಬ್ಬಿಣದ ಮೂಲಕ ಅರ್ಥ್ ಸಿಗುತ್ತದೆಂದು ನಂಬಿರುತ್ತಾರೆ. ತುಕ್ಕು, ಗ್ರೀಸ್ ಅದನ್ನು ತಡೆಯುತ್ತವೆ. ಟ್ರಾಲಿಗೆ ಬೇರೆಯದೇ ಅರ್ಥ್ ವೈರ್ ಎಳೆಸಿ. ರಾತ್ರಿ ರಸ್ತೆಯಲ್ಲಿ ಲೈಟಿಲ್ಲದ ಹುಲ್ಲಿನ ಟ್ರಾಲಿ ಹಿಂದಿನಿಂದ ಬರುವ ಬೈಕಿನವನಿಗೆ ಕಾಣುವುದೇ ಇಲ್ಲ.

ಫ್ಯೂಸ್ ಸುಟ್ಟರೆ ಆ ಜಾಗಕ್ಕೆ ತಂತಿ ಸುತ್ತುವುದನ್ನು ಮಾತ್ರ ಒಪ್ಪಬೇಡಿ. ಫ್ಯೂಸ್ ಸುಟ್ಟಿತೆಂದರೆ ಎಲ್ಲೋ ವೈರ್ ಬಾಡಿಗೆ ತಾಗುತ್ತಿದೆ ಎಂದರ್ಥ. ತಂತಿ ಸುತ್ತಿದರೆ ಫ್ಯೂಸಿನ ಬದಲು ವೈರೇ ಕಾದು ಕರಗುತ್ತದೆ, ಹಿಂದೆ ಒಣಹುಲ್ಲಿದೆ. ಬಣವೆ ಪಕ್ಕ ಗಾಡಿ ನಿಲ್ಲಿಸಿದರೆ ಇಲಿ ವೈರ್ ಕಡಿಯುತ್ತದೆ. ದೂರ ನಿಲ್ಲಿಸಲು ಹೇಳಿ.

ಸೆಲ್ಫ್ ಮೋಟಾರಿಗೆ ಸ್ಕ್ರೂಡ್ರೈವರ್ ತಾಗಿಸಿ ಚಾಲೂ ಮಾಡುವುದು ಇನ್ನೂ ಕೆಟ್ಟ ರೂಢಿ. ಗೇರಿನಲ್ಲಿದ್ದರೆ ಗಾಡಿ ಪಕ್ಕದಲ್ಲಿ ನಿಂತವರ ಮೇಲೇ ಹರಿಯುತ್ತದೆ. ಯಾರಾದರೂ ಹಾಗೆ ಮಾಡಲು ಬಾಗಿದರೆ, ಮಕ್ಕಳನ್ನು ಕರೆದುಕೊಂಡು ದೂರ ಸರಿದು, ಬೇಡವೆಂದು ಗಟ್ಟಿಯಾಗಿ ಹೇಳಿ.

ಬ್ಯಾಟರಿಯಿಂದ ಸೆಲ್ಫಿಗೆ ಹೋಗುವ ದಪ್ಪ ಕೇಬಲ್‌ಗೆ ಹಳೇ ಗಾಡಿಗಳಲ್ಲಿ ಸಾಮಾನ್ಯವಾಗಿ ಫ್ಯೂಸೇ ಇರುವುದಿಲ್ಲ. ಅದು ಕಬ್ಬಿಣಕ್ಕೆ ಉಜ್ಜಿ ಸವೆದಿದ್ದರೆ ಟೇಪ್ ಸುತ್ತಿ ಸುಮ್ಮನಾಗದೆ, ಮುಂದಿನ ಹುಲ್ಲಿನ ಲೋಡಿಗೆ ಮೊದಲೇ ಬದಲಾಯಿಸಿ.