ರಣರಂಗದ ವೃತ್ತಪತ್ರಿಕೆಯೂ ಕಿತ್ತೂರ ನಾಡಿನ ಲಾವಣಿಯೂ

ಯೋಧರ ಕೈಸೇರುವ ಪತ್ರಿಕೆಗಳು ಎರಡು ಬಗೆಯವು. ಸರಕಾರವು ಯೋಧರಿಗಾಗಿ ಹೊರಡಿಸುವುದೊಂದು. ಯೋಧರು ರಣರಂಗದಲ್ಲಿಯೇ ತಮಗಾಗಿ ತಾವು ಮುದ್ರಿಸಿಕೊಳ್ಳುವುದು ಇನ್ನೊಂದು. 1909ರಲ್ಲಿ ಆರಂಭವಾಗಿ, 1954ರಲ್ಲಿ ‘ಸೈನಿಕ ಸಮಾಚಾರ’ವೆಂಬ ಹೆಸರನ್ನು ತಳೆದು, ಮುಂದೆ ಕನ್ನಡದಲ್ಲಿಯೂ ಪ್ರಕಟವಾದ ‘ಫೌಜಿ ಅಖಬಾರ್’ ಮೊದಲನೆಯ ಬಗೆಯದು. ಎರಡನೆಯದಕ್ಕೆ ‘ವೈಪರ್ಸ್ ಟೈಮ್ಸ್’ ಸುಪ್ರಸಿದ್ಧ ನಿದರ್ಶನವು.

ಪ್ರಥಮ ಮಹಾಯುದ್ಧದಲ್ಲಿ ಬೆಲ್ಜಿಯಮ್ ದೇಶದ ಈಪ್ರ್ ಪಟ್ಟಣವು ಹಾಳುಬಿದ್ದಿರಲು, ಅಲ್ಲಿ ಆಂಗ್ಲ ಯೋಧರಿಗೆ ಅಚ್ಚಿನ ಯಂತ್ರವೊಂದು ದೊರೆಯಿತು. ಅವರಲ್ಲಿ ಮೊದಲು ಮುದ್ರಕನಾಗಿದ್ದ ಸಾರ್ಜಂಟನೊಬ್ಬನಿದ್ದನು. ಕ್ಯಾಪ್ಟನ್ ರಾಬರ್ಟ್ಸನ ಸಂಪಾದಕತ್ವದಲ್ಲಿ 1916ನೆಯ ಫೆಬ್ರುವರಿ 12ರಂದು ಮೊದಲ ಸಂಚಿಕೆಯು ಹೊರಟಿತು. ಅಚ್ಚಿನ ಮೊಳೆಗಳು ಸಾಲದುದರಿಂದ, ಒಂದು ಪುಟವನ್ನು ಅಚ್ಚುಮಾಡಿ, ಮೊಳೆಗಳನ್ನು ಬಿಚ್ಚಿದ ತರುವಾಯವೇ ಮುಂದಿನ ಪುಟವನ್ನು ಜೋಡಿಸಬೇಕಾಗುತ್ತಿತ್ತು. ‘ವೈಪರ್ಸ್’ ಎಂಬುದು ‘ಈಪ್ರ್’ ಎಂಬುದಕ್ಕೆ ಸೈನಿಕರ ಬಾಯಲ್ಲಿ ಹುಟ್ಟಿದ ತದ್ಭವವೆನ್ನಬಹುದು. ಪತ್ರಿಕೆಯ ತುಂಬ ಹಾಸ್ಯವೇ. ಆ ಹಾಸ್ಯದ ಒಳಗೆ ಸೇನಾಪತಿಗಳ ವರದಿಗಳಲ್ಲಿ ಕಾಣಸಿಗದ ಸಾಮಾನ್ಯ ಯೋಧನ ಮನಸ್ಸು ಅಡಗಿದೆ.

ಈಗ ನಮ್ಮ ನಾಡನ್ನು ನೋಡೋಣ. 1824ನೆಯ ಅಕ್ಟೋಬರ 23ರಂದು ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಕಿತ್ತೂರಿನಲ್ಲಿ ಹತನಾದಾಗ ಕನ್ನಡದಲ್ಲಿ ವೃತ್ತಪತ್ರಿಕೆಯೇ ಹುಟ್ಟಿರಲಿಲ್ಲ. ‘ಮಂಗಳೂರ ಸಮಾಚಾರ’ವು ಹೊರಟುದು 1843ರಲ್ಲಿ. ಆದುದರಿಂದ ಆ ಯುದ್ಧದ ಲಿಖಿತ ವೃತ್ತಾಂತವು ಬಹುಮಟ್ಟಿಗೆ ಕಂಪನಿಯ ಅಧಿಕಾರಿಗಳ ಲೇಖನಿಯಿಂದ ಬಂದುದು. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಇವರ ಪಕ್ಷದ ಮಾತನ್ನು ಊರಿಂದೂರಿಗೆ ಒಯ್ದುದು ಲಾವಣಿ. ಅದಕ್ಕೆ ಮೊಳೆಯೂ ಬೇಡ, ಕಾಗದವೂ ಬೇಡ. ಓದುಬಾರದವನಿಗೂ ಅದು ಸುಲಭವಾಗಿ ಮುಟ್ಟುತ್ತಿತ್ತು.

ಆದರೆ ಲಾವಣಿಯೇ ರಣಪತ್ರಿಕೆಯೆಂದು ಹೇಳಲಾಗದು. ಪತ್ರಿಕೆಯನ್ನು ಬರೆದವನು ಕಾದಿದವನೇ. ಲಾವಣಿಕಾರನು ಕೇಳಿ ಹಾಡಿದವನು. ಪತ್ರಿಕೆಯ ಮೇಲೆ ದಿನಾಂಕವುಂಟು; ಲಾವಣಿಯು ಬಾಯಿಂದ ಬಾಯಿಗೆ ಸಾಗುತ್ತ ಪಾಠಾಂತರಗಳನ್ನು ಪಡೆಯುವುದು. ಸೋತ ಪಕ್ಷದ ಅಭಿಪ್ರಾಯಕ್ಕೆ ಅದು ಪ್ರಬಲ ಸಾಕ್ಷ್ಯ. ತಿಥಿವಾರಗಳಿಗೆ ದುರ್ಬಲ ಸಾಕ್ಷ್ಯ. ಈ ವಿವೇಕವನ್ನು ಇತಿಹಾಸಕಾರನು ಬಿಡಬಾರದು.

ರಾಯಣ್ಣನ ಲಾವಣಿಯನ್ನು ಬರೆಯಿಸಿಕೊಂಡು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚುಹಾಕಿಸಿದವನು ಫ್ಲೀಟನೆಂಬ ಆಂಗ್ಲ ಅಧಿಕಾರಿ, ಅದೂ ರಾಯಣ್ಣನು ತೀರಿ ಐವತ್ತು ವರ್ಷಗಳು ಕಳೆದ ಮೇಲೆ. ಕಾದಿದವರ ಮಾತು ಕಾದಾಡಿದ ಸರಕಾರದ ನೌಕರನ ಕೈಯಿಂದ ಉಳಿಯಬೇಕಾದುದು ವಿಚಿತ್ರವೇ ಸರಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹಾಡುಗಾರರಿಂದ ಇಂಥ ಪದಗಳನ್ನು ಕೇಳಿದವರು, ಹಾಡಿದವನ ಹೆಸರು, ಊರು, ಬರೆದುಕೊಂಡ ದಿನ ಇವುಗಳೊಡನೆ ಪಾಠವನ್ನು ತಿದ್ದದೆ ಬರೆದಿಡುವುದು ಅವಶ್ಯ. ಹಾಡಿಗಿಲ್ಲದ ದಿನಾಂಕವನ್ನು ಸಂಗ್ರಾಹಕನಾದರೂ ಒದಗಿಸಬೇಕು.